ಟ್ವೀಟರ್ ಎರಡೂ ಮೌನ, ಎಡ ವೂಫರ್ ಕರಕರ: ರಿಪೇರಿ ಮಾಡಿಸೋದೋ, ಡ್ರೈವರ್ ಬದಲಿಸೋದೋ?

ಮಿರ್ಚಿ_ಮಂಡಕ್ಕಿ, ದಾವಣಗೆರೆ
ಮನೆ ಹೈಫೈ ಜೋಡಿ ಬಾಕ್ಸು. ಒಂದೊಂದರಾಗೂ ಎರಡು ಡ್ರೈವರ್ (ಸದ್ದು ಹೊರಡಿಸೋ ಬಿಡಿ ಸ್ಪೀಕರ್): ಬಾಸ್‌ಗೆ 8 ಇಂಚು ಪೇಪರ್ ಕೋನ್ ವೂಫರ್, ಫೋಮ್ ಅಂಚು; ಮೇಲಿನ ಸಣ್ಣ ಸದ್ದಿಗೆ 1 ಇಂಚು ಡೋಮ್ ಟ್ವೀಟರ್. ಬೆನ್ನಿಗೆ 8 ಓಮ್, 100 ವ್ಯಾಟ್ ಅಂತ ಬರೆದೈತಿ. ಆಂಪ್ (ಆಂಪ್ಲಿಫೈಯರ್) ಚಾನಲ್‌ಗೆ 50 ವ್ಯಾಟ್. ಗಣಪತಿ ಹಬ್ಬದಾಗ ಜೋರಾಗಿ ಓಡಿದ ಮೇಲೆ ಹಿಂಗಾಗೈತಿ. ವೈರ್ ಬಿಚ್ಚಿ ಅಳತಿ ಮಾಡಿದ್ದು:

ಎಡ ಟ್ವೀಟರ್: ಓಪನ್ (ಒಳಗ ತಂತಿ ಕಡಿದೈತಿ).
ಬಲ ಟ್ವೀಟರ್: 5.9 ಓಮ್ ತೋರಸ್ತೈತಿ, ಆದ್ರ ಬಾಕ್ಸಿನಾಗ ಸದ್ದಿಲ್ಲ.
ಎಡ ವೂಫರ್: 5.8 ಓಮ್, ಬಾಸ್ ಬಂದಾಗೆಲ್ಲ ಕರಕರ.
ಬಲ ವೂಫರ್: 6.0 ಓಮ್, ಸದ್ದು ಸರಿ. ಫೋಮ್ ಮುಟ್ಟಿದ್ರ ಪುಡಿ ಉದುರ್ತೈತಿ.

ಅಂಗಡ್ಯಾಗ ಹೇಳಿದ್ದು: ಎರಡೂ ವೂಫರ್‌ಗೆ ಹೊಸ ಕೋನು, ಹೊಸ ಕಾಯಿಲ್ (ಕೋನ್ ಅಲುಗಾಡಿಸೋ ತಂತಿ ಸುತ್ತು) ಕೂರಿಸ್ತೀವಿ, ಟ್ವೀಟರ್ ಜಾಗಕ್ಕ ಪೀಜೋ (ಕಾಯಿಲ್ ಬದಲು ಹರಳಿನ ಬಿಲ್ಲೆ ಇರೋ ಟ್ವೀಟರ್) ಹಾಕ್ತೀವಿ. ಒಪ್ಪಬಹುದಾ? 50 ವ್ಯಾಟ್ ಆಂಪು 100 ವ್ಯಾಟ್ ಸ್ಪೀಕರ್ ಸುಡೋದು ಹೆಂಗೆ ಅನ್ನೋದೂ ತಿಳೀವಲ್ದು.

ಸಾಲ್ಡರ್_ಸಿದ್ದ
ಒಪ್ಪಬೇಡ್ರಿ. ಮೊದ್ಲು ಆಂಪ್ ನೋಡ್ರಿ. ಸ್ಪೀಕರ್ ವೈರ್ ತೆಗೀರಿ, ವಾಲ್ಯೂಮ್ ಸೊನ್ನೆ, ಆನ್ ಮಾಡಿ ಹತ್ತು ನಿಮಿಷ ಬಿಡ್ರಿ. ಮೀಟರ್ ಡಿಸಿ ಮಿಲಿವೋಲ್ಟ್‌ಗೆ ಹಾಕಿ ಎಡ ಬಲ ಔಟ್‌ಪುಟ್ ಅಳೀರಿ. 50 ಮಿಲಿವೋಲ್ಟ್ ಒಳಗಿದ್ರೆ ಚಿಂತೆ ಇಲ್ಲ. ಒಂದೆರಡು ವೋಲ್ಟ್ ಕಂಡ್ರೆ ಆ ಆಂಪ್‌ಗೆ ಯಾವ ಸ್ಪೀಕರನ್ನೂ ಕೊಡಬೇಡ್ರಿ, ಇವತ್ತು ಕೂರಿಸಿದ ಕಾಯಿಲ್ ನಾಳೆ ಬೂದಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದ್ರೆ ಪೂರ್ತಿ ಸಪ್ಲೈ ವೋಲ್ಟೇಜ್ ವೂಫರ್ ಮೇಲೆ ಕೂತ್ಕೊಳ್ತೈತಿ. 35 ವೋಲ್ಟ್, 6 ಓಮ್ ಅಂದ್ರೆ 200 ವ್ಯಾಟ್ ದಾಟ್ತು, ಅದೂ ಕೋನ್ ಅಲುಗಾಡದೆ, ಗಾಳಿ ಆಡದೆ.

ಕೋಟೆನಾಡು_ಕಿವಿ, ಚಿತ್ರದುರ್ಗ
ಕಾರಣ ಕ್ಲಿಪಿಂಗ್, ಅಂದರೆ ಆಂಪ್ ಶಕ್ತಿ ಮೀರಿದಾಗ ಅಲೆಯ ತುದಿ ಕತ್ತರಿಸಿ ಹೋಗೋದು. ಆಂಪ್ ಕ್ಲಿಪ್ ಆದಾಗ ಡಿಸಿ ಹೊರಡುತ್ತೆ, ಡಿಸಿ ಟ್ವೀಟರ್ ಸುಡುತ್ತೆ. ಸಣ್ಣ ಆಂಪ್ ಯಾವತ್ತೂ ಅಪಾಯ.

ಓಮಣ್ಣ
ಟ್ವೀಟರ್ ಮುಂದೆ ಸಾಲಿನಲ್ಲಿ ಕೆಪಾಸಿಟರ್ ಇದೆ, ಡಿಸಿ ಅದನ್ನು ದಾಟಿ ಹೋಗೋದೇ ಇಲ್ಲ. ದುರ್ಗದವರು ಈ ಮಾತು ಎಷ್ಟು ಸಲ ಹೇಳ್ತೀರಿ ಮಾರಾಯ್ರೆ.

ಕೋಟೆನಾಡು_ಕಿವಿ, ಚಿತ್ರದುರ್ಗ
ಸರಿ, ಡಿಸಿ ಬೇಡ. ಹಾರ್ಮೋನಿಕ್ಸ್ ಅನ್ನಿ. ಅಲೆ ಚೌಕ ಆದಾಗ ಮೇಲಿನ ಕಂಪನಗಳು ಹುಟ್ಟುತ್ತವೆ, ಅವೆಲ್ಲ ಟ್ವೀಟರ್‌ಗೇ ಹೋಗೋದು. ಇದಕ್ಕೂ ತಕರಾರಾ?

ಓಮಣ್ಣ
ಅರ್ಧ ಸರಿ. ಲೆಕ್ಕ ಹಾಕೋಣ. 50 ವ್ಯಾಟ್ ಆಂಪ್ ಪೂರ್ತಿ ಚೌಕ ಅಲೆ ಕೊಟ್ಟರೆ 100 ವ್ಯಾಟ್ ಆಗುತ್ತೆ. ಚೌಕ ಅಲೆಯ ಶಕ್ತಿಯಲ್ಲಿ 81 ಶೇಕಡಾ ಮೂಲ ಕಂಪನದ್ದು, 19 ಶೇಕಡಾ ಮಾತ್ರ ಹಾರ್ಮೋನಿಕ್ಸ್. ಕ್ಲಿಪ್ ಆಗಿದ್ದು 100 ಹರ್ಟ್ಜ್‌ನ ಬಾಸ್ ಅಂದುಕೊಳ್ಳಿ. ಅದರ ಹಾರ್ಮೋನಿಕ್ಸ್‌ನಲ್ಲಿ 3,000 ಹರ್ಟ್ಜ್ ಮೇಲಿನ ಪಾಲು ಸುಮಾರು 1.3 ವ್ಯಾಟ್. ಅಷ್ಟಕ್ಕೆ ಡೋಮ್ ಟ್ವೀಟರ್ ಸಾಯಲ್ಲ.

ನಿಜವಾದ ಕಾರಣ ಸರಾಸರಿ ಏರಿದ್ದು. ಒಳ್ಳೆ ರೆಕಾರ್ಡಿಂಗ್‌ನಲ್ಲಿ ಶಿಖರಕ್ಕೂ ಸರಾಸರಿಗೂ ಹತ್ತು ಡೆಸಿಬಲ್‌ಗಿಂತ ಹೆಚ್ಚು ಅಂತರ ಇರುತ್ತೆ. ಅಂದರೆ ಕ್ಲಿಪ್ ಆಗದೆ ನುಡಿಯೋ 50 ವ್ಯಾಟ್ ಆಂಪ್ ಸರಾಸರಿ ಕೊಡೋದು ನಾಲ್ಕೈದು ವ್ಯಾಟ್. ವಾಲ್ಯೂಮ್ ಇನ್ನೂ ತಿರುಗಿಸಿದರೆ ಬಾಸ್ ಶಿಖರ ಬೋಳಾಗಿ ಅಲ್ಲೇ ನಿಲ್ಲುತ್ತೆ, ಆದರೆ ತಾಳದ, ಗೆಜ್ಜೆಯ ಸಣ್ಣ ಸದ್ದು ಮೇಲೇರುತ್ತಲೇ ಹೋಗುತ್ತೆ. ಆ ಏರಿದ ಪಾಲೇ ಟ್ವೀಟರ್‌ದು. ಬೆನ್ನ ಮೇಲಿನ 100 ವ್ಯಾಟ್ ಇಡೀ ಬಾಕ್ಸಿಗೆ, ಅದೂ ಹಾಡಿಗೆ. 1 ಇಂಚು ಡೋಮ್ ಒಂದೇ ಸಮನೆ ತಡೆಯೋದು ಹೆಚ್ಚೆಂದರೆ ಹತ್ತು ವ್ಯಾಟ್ ಆಸುಪಾಸು. ದೊಡ್ಡ ಆಂಪ್ ತಂದು ಅಷ್ಟೇ ಜೋರು ಮಾಡಿದರೂ ಸುಡುತ್ತೆ.

ಚಳ್ಳಕೆರೆ_ಕಂಬಳಿ
ಟ್ರೆಬಲ್ ಎಲ್ಲಿಗಿತ್ತು ಅಂತ ಯಾರೂ ಕೇಳ್ಲಿಲ್ಲ.

ಮಿರ್ಚಿ_ಮಂಡಕ್ಕಿ, ದಾವಣಗೆರೆ
ಪೂರ್ತಿ ಬಲಕ್ಕ. ಲೌಡ್‌ನೆಸ್ ಬಟನ್ನೂ ಒತ್ತಿತ್ತು. ಆದ್ರ ವಾಲ್ಯೂಮ್ ಅರ್ಧಾನೂ ದಾಟಿರ್ಲಿಲ್ಲ.

ಚಳ್ಳಕೆರೆ_ಕಂಬಳಿ
ಅಲ್ಲಿಗೆ ಮುಗೀತು. ಟ್ರೆಬಲ್ 10 ಡೆಸಿಬಲ್ ಏರಿಸಿದ್ರೆ ಟ್ವೀಟರ್‌ಗೆ ಹತ್ತು ಪಟ್ಟು ಶಕ್ತಿ. 3 ಡೆಸಿಬಲ್‌ಗೇ ಎರಡು ಪಟ್ಟು. ಇನ್ನು ವಾಲ್ಯೂಮ್ ಗುಂಡಿ ಎಲ್ಲಿದೆ ಅನ್ನೋದಕ್ಕೂ ವ್ಯಾಟ್‌ಗೂ ನೇರ ಸಂಬಂಧ ಇಲ್ಲ. ಸೋರ್ಸ್ (ಪ್ಲೇಯರ್) 2 ವೋಲ್ಟ್ ಕೊಟ್ರೆ ಗುಂಡಿ ಗಡಿಯಾರದ ಮುಳ್ಳಿನ ಹಾಗೆ ಹತ್ತು ಗಂಟೆ ಜಾಗದಲ್ಲಿದ್ದಾಗಲೇ ಆಂಪ್ ಕ್ಲಿಪ್ ಆಗಬಹುದು. ಹಳೇ ಟೇಪ್ ಡೆಕ್ ಹಾಕಿ ಎರಡು ಗಂಟೆ ಜಾಗದವರೆಗೆ ತಿರುಗಿಸಿದ್ರೂ ಆಗದೇ ಇರಬಹುದು.

ಹೊಳಲ್ಕೆರೆ_ಹಾರ್ನ್
ಗಣಪತಿಗೆ ಮನೆ ಸ್ಪೀಕರ್ ಹಚ್ಚೋದೇ ತಪ್ಪು. ಡಿಜೆ ಬಾಡಿಗೆ ತಗೊಳ್ಳಿ.

ಸಾಲ್ಡರ್_ಸಿದ್ದ
ಡಿಜೆ ಮಾತು ತೆಗೆದ್ರೆ ಈ ಚರ್ಚೆ ಪೊಲೀಸ್ ಠಾಣೆಗೆ ಹೋಗಿ ಮುಗೀತೈತಿ. ವಿಷಯಕ್ಕೆ ಬರ್ರಿ.

ಬಲ ಟ್ವೀಟರ್ 5.9 ಓಮ್ ಅಂದ್ರೆ ಜೀವಂತ ಇರಬಹುದು. 8 ಓಮ್ ಅಂತ ಬರೆದ ಕಾಯಿಲ್ ಮೀಟರ್‌ನಾಗೆ ಐದೂವರೆಯಿಂದ ಏಳರ ನಡುವೆ ತೋರಿಸೋದು ಸಹಜ. ಕ್ರಾಸೋವರ್ ಬೋರ್ಡ್ (ಬಾಸ್ ವೂಫರ್‌ಗೆ, ಮೇಲಿನ ಸದ್ದು ಟ್ವೀಟರ್‌ಗೆ ಹಂಚೋದು) ಹೊರಗೆ ತೆಗೀರಿ. ಟ್ವೀಟರ್ ಸಾಲಿನಾಗೆ ಬಿಳೀ ಸಿಮೆಂಟ್ ರೆಸಿಸ್ಟರ್ ಇರ್ತೈತಿ, 5 ವ್ಯಾಟ್‌ದು. ಒಂದು ಕಾಲು ಬಿಚ್ಚಿ ಅಳೀರಿ. ಟ್ವೀಟರ್ ಖಾತ್ರಿ ಮಾಡ್ಕೊಳ್ಳೋಕೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಲಿನಾಗೆ ಹಾಕಿ, ಸಣ್ಣ ವಾಲ್ಯೂಮ್‌ನಾಗೆ ನೇರ ಆಂಪ್‌ಗೆ ಕೊಡ್ರಿ. ಕೆಪಾಸಿಟರ್ ಇಲ್ಲದೆ ಕೊಡಬೇಡ್ರಿ. 9 ವೋಲ್ಟ್ ಬ್ಯಾಟರಿ ಅಂತೂ ಟ್ವೀಟರ್‌ಗೆ ಬೇಡವೇ ಬೇಡ.

ಎಂಸಿಸಿ_ಬಿ_ಬ್ಲಾಕ್
ಎಡ ವೂಫರ್ ಫೋಮ್ ಹೇಗಿದೆ? ಸೀಳಿದೆಯಾ? ಫೋಮ್ ಒಂದು ಕಡೆ ಹರಿದರೆ ಕೋನ್ ಆ ಕಡೆ ವಾಲುತ್ತೆ, ಕಾಯಿಲ್ ಮ್ಯಾಗ್ನೆಟ್ ಸಂದಿಗೆ ಉಜ್ಜುತ್ತೆ. ಎರಡೂ ಕೈಯ ಬೆರಳುಗಳಿಂದ ಕೋನನ್ನು ಎದುರುಬದುರು ಹಿಡಿದು ಸಮವಾಗಿ, ಮೆಲ್ಲಗೆ ಒತ್ತಿ. ಉಜ್ಜುವ ಸದ್ದು ಬಂದರೆ, ಕೋನನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು ಮತ್ತೆ ಒತ್ತಿ. ಆಗ ಸದ್ದು ನಿಂತರೆ ಕಾಯಿಲ್ ಚೆನ್ನಾಗಿದೆ, ಫೋಮ್‌ದೇ ತಪ್ಪು. ಯಾವ ದಿಕ್ಕಿಗೆ ಎತ್ತಿದರೂ ಉಜ್ಜಿದರೆ ಕಾಯಿಲ್ ಬಿಸಿಗೆ ಉಬ್ಬಿದೆ ಅಥವಾ ತಂತಿ ಸುತ್ತು ಬಿಚ್ಚಿದೆ. ಮೂಸಿ ನೋಡಿ, ಸುಟ್ಟ ವಾರ್ನಿಷ್ ವಾಸನೆ ತಿಂಗಳಾದರೂ ಹೋಗಲ್ಲ.

ಜೋಗಿಮಟ್ಟಿ_ಗಾಳಿ, ಚಿತ್ರದುರ್ಗ
ಫೋಮ್ ಪುಡಿಯಾಗೋದು ತೇವದಿಂದ. ನಮ್ಮ ದುರ್ಗದ ಒಣ ಹವೆಯಲ್ಲಿ ಫೋಮ್ ದಾವಣಗೆರೆಗಿಂತ ಹತ್ತು ವರ್ಷ ಹೆಚ್ಚು ಬರುತ್ತೆ.

ಮಂಡಿಪೇಟೆ_ಮಂಜ
1997ಕ್ಕೆ ಮುಂಚೆ ಎರಡೂ ಒಂದೇ ಜಿಲ್ಲೆ, ಆವಾಗ ಫೋಮ್‌ಗೆ ಗೊತ್ತಾಗ್ತಿತ್ತೇನಪ್ಪ ಯಾವ ಊರಂತ?

ಓಮಣ್ಣ
ಪಾಲಿಯುರೆಥೇನ್ ಫೋಮ್ ತೇವಕ್ಕೆ ಕೊಳೆಯೋದು ನಿಜ. ಬಿಸಿಲು, ಓಝೋನ್ ಕೂಡ ಕೊಲ್ಲುತ್ತವೆ. ಹತ್ತರಿಂದ ಇಪ್ಪತ್ತು ವರ್ಷ, ಯಾವ ಊರಾದರೂ. ಬಲ ವೂಫರ್ ಇವತ್ತು ಸರಿ ಇದ್ದರೂ ಎರಡನ್ನೂ ಒಟ್ಟಿಗೆ ಮಾಡಿಸಿ.

ಮಿರ್ಚಿ_ಮಂಡಕ್ಕಿ, ದಾವಣಗೆರೆ
ನೋಡಿದೆ. ಆಂಪ್ ಡಿಸಿ: ಎಡ 18, ಬಲ 22 ಮಿಲಿವೋಲ್ಟ್. ಬಲ ಬಾಕ್ಸಿನ ಸಿಮೆಂಟ್ ರೆಸಿಸ್ಟರ್ 2.7 ಓಮ್ ಅಂತ ಬರೆದೈತಿ, ಮೀಟರ್‌ನಾಗ ಓಪನ್. ಟ್ವೀಟರ್‌ಗೆ 4.7 ಹಾಕಿ ಕೊಟ್ಟೆ, ನುಡೀತು! ಎಡ ವೂಫರ್ ಫೋಮ್ ಕೆಳಗಡೆ ಎರಡು ಇಂಚು ಸೀಳೈತಿ. ಮೇಲಕ್ಕ ಎತ್ತಿ ಒತ್ತಿದ್ರ ಸದ್ದಿಲ್ಲ.

ಸಾಲ್ಡರ್_ಸಿದ್ದ
ನೋಡ್ರಿ, ನಾಲ್ಕು ಡ್ರೈವರ್‌ನಾಗೆ ನಿಜವಾಗಿ ಸತ್ತಿದ್ದು ಒಂದೇ. ರೆಸಿಸ್ಟರ್ ಎರಡೂ ಬಾಕ್ಸಿಗೆ 10 ವ್ಯಾಟ್‌ದು ಹಾಕ್ರಿ, ಬೋರ್ಡ್‌ಗೆ ತಾಗದಂಗೆ ಐದು ಮಿಲಿಮೀಟರ್ ಮೇಲೆ ನಿಲ್ಲಿಸ್ರಿ.

ಮಂಡಿಪೇಟೆ_ಮಂಜ
ಹೊಸ ಕೋನ್ ಯಾಕೆ ಬೇಡ ಅಂತ ಬಿಡಿಸಿ ಹೇಳ್ತೀನಿ. ಇಲ್ಲಿ ರಿಪೇರಿ ಮಾಡೋರ ಕೈಯಾಗೆ ಇರೋದು ಮೈಕ್ ಸೆಟ್ಟಿನ ಸಾಮಾನು: ದಪ್ಪ ಕೋನು, ಅರಳೆ ಬಟ್ಟೆ ಅಂಚು, ಬಿಗಿ ಸ್ಪೈಡರ್ (ಕೋನ್ ಹಿಂದೆ ಕಾಯಿಲ್ ಹಿಡಿದಿಡೋ ಸುಕ್ಕುಬಟ್ಟೆ). ಮಂಟಪದ ಬಾಕ್ಸಿಗೆ ಅದು ಭೇಷ್. ಮನೆ ವೂಫರ್‌ಗೆ ಹಾಕಿದ್ರೆ 30ರಿಂದ 40 ಹರ್ಟ್ಜ್ ಇದ್ದ ಸಹಜ ಕಂಪನ 60, 70ಕ್ಕೆ ಏರ್ತೈತಿ. ಬಾಕ್ಸ್ ಮಾತ್ರ ಹಳೇ ಅಂಕಿಗೆ ಮಾಡಿದ್ದು. ಸದ್ದು ಜೋರು ಬರ್ತೈತಿ, ತಬಲಾದ ಡಗ್ಗಾ ಕಾಣೆ.

ಕಾಯಿಲ್ ನಿಜವಾಗ್ಲೂ ಸುಟ್ಟಿದ್ರೆ ಹಳೇ ಕಾಯಿಲ್ ಎಸೀಬಾರದು. ಅದರ ಒಳವ್ಯಾಸ, ತಂತಿ ದಪ್ಪ, ಎಷ್ಟು ಪದರ, ಸುತ್ತಿನ ಎತ್ತರ, ಸುತ್ತಿರೋ ಕೊಳವೆ ಅಲ್ಯುಮಿನಿಯಮ್ಮೋ ಕ್ಯಾಪ್ಟಾನೋ (ಬಿಸಿ ತಡೆಯೋ ಪ್ಲಾಸ್ಟಿಕ್ ಹಾಳೆ) ಇಲ್ಲ ಕಾಗದವೋ, ಇಷ್ಟೂ ಬರೆದುಕೊಟ್ಟು ಹಂಗೇ ಸುತ್ತಿಸಬೇಕು.

ಹೊಳಲ್ಕೆರೆ_ಹಾರ್ನ್
ಬಟ್ಟೆ ಅಂಚು ಜೀವಮಾನ ಬರುತ್ತೆ. ನಿಮ್ಮ ಫೋಮ್ ಹತ್ತು ವರ್ಷಕ್ಕೆ ಮತ್ತೆ ಪುಡಿ.

ಎಂಸಿಸಿ_ಬಿ_ಬ್ಲಾಕ್
ಹತ್ತು ವರ್ಷ ಚೆನ್ನಾಗಿ ಕೇಳಿ, ಮತ್ತೆ ಫೋಮ್ ಹಾಕಿಸೋದು ವಾಸಿ.

ಫೋಮ್ ಹಾಕೋ ಕ್ರಮ. 8 ಇಂಚು ಅಂತ ಕೇಳಿ ತರಿಸಬೇಡಿ, ಎಂಟು ಇಂಚಿನಲ್ಲೇ ಹಲವು ಅಳತೆ ಇವೆ. ನಾಲ್ಕು ಅಳತೆ ತಗೊಳ್ಳಿ: ಫೋಮ್‌ನ ಹೊರ ಅಂಚು, ಉಬ್ಬಿನ ಹೊರವ್ಯಾಸ, ಉಬ್ಬಿನ ಒಳವ್ಯಾಸ, ಕೋನ್‌ನ ಹೊರವ್ಯಾಸ. ಕೋನಿಗೆ ಅಂಟೋ ಒಳಪಟ್ಟಿ ಚಪ್ಪಟೆಯೋ ಓರೆಯೋ ಅದನ್ನೂ ನೋಡಿ.

ಹಳೇ ಫೋಮ್ ಕೈಯಿಂದ ಕೀಳಿ. ಕೋನ್ ಮೇಲೆ ಉಳಿದ ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆತ್ತಗೆ ಮಾಡಿ ಉಜ್ಜಿ. ಪೇಪರ್ ಕೋನ್ ನೆನೆಯೋ ಹಾಗೆ ಸುರೀಬೇಡಿ. ಕಬ್ಬಿಣದ ಚೌಕಟ್ಟನ್ನು ಕೆರೆದು ಪೂರ್ತಿ ಶುದ್ಧ ಮಾಡಿ, ಅರ್ಧ ತಪ್ಪು ಆಗೋದೇ ಅಲ್ಲಿ, ಹಳೇ ಅಂಟಿನ ಗಂಟಿನ ಮೇಲೆ ಹೊಸ ಫೋಮ್ ಕೂರಿಸಿದರೆ ಕೋನ್ ಓರೆಯಾಗುತ್ತೆ.

ಮೊದಲು ಕೋನಿಗೆ ಅಂಟಿಸಿ, ಒಣಗಲು ಬಿಡಿ. ಆಮೇಲೆ ನಡುವಿನ ಟೋಪಿಯನ್ನು ಬ್ಲೇಡಿನಿಂದ ಸುತ್ತ ಕತ್ತರಿಸಿ ತೆಗೆದು, ಕಾಯಿಲ್‌ಗೂ ನಡುಗಂಬಕ್ಕೂ ಇರೋ ಸಂದಿಗೆ ತೆಳು ಪ್ಲಾಸ್ಟಿಕ್ ಹಾಳೆಯ ನಾಲ್ಕು ಪಟ್ಟಿ ಸಮ ಅಂತರದಲ್ಲಿ ಇಳಿಸಿ. ಹಳೇ ಎಕ್ಸ್‌ರೇ ಫಿಲ್ಮ್ ಆಗುತ್ತೆ. ಸಡಿಲ ಇದ್ದರೆ ಎರಡು ಪದರ. ಈಗ ಹೊರ ಅಂಚನ್ನು ಚೌಕಟ್ಟಿಗೆ ಅಂಟಿಸಿ, 24 ಗಂಟೆ ಮುಟ್ಟಬೇಡಿ. ಪಟ್ಟಿ ತೆಗೆದು, ಟೋಪಿ ಕೂರಿಸಿ.

ಜೋಗಿಮಟ್ಟಿ_ಗಾಳಿ, ಚಿತ್ರದುರ್ಗ
ಟೋಪಿ ಕತ್ತರಿಸೋ ಅಗತ್ಯ ಇಲ್ಲ. ಅಂಟು ಹಸಿ ಇರುವಾಗ ಮೊಬೈಲ್ ಆಪ್‌ನಿಂದ 30 ಹರ್ಟ್ಜ್ ಟೋನ್ ಸಣ್ಣಗೆ ಕೊಡಿ. ಉಜ್ಜೋ ಸದ್ದು ಬಂದ ಕಡೆಯಿಂದ ಫೋಮನ್ನು ಕೂದಲೆಳೆಯಷ್ಟು ಸರಿಸಿ. ಸದ್ದು ನಿಂತ ಜಾಗದಲ್ಲಿ ಬಟ್ಟೆ ಕ್ಲಿಪ್ ಹಾಕಿ ಬಿಡಿ. ಇದಕ್ಕೆ ನಿಧಾನ ಒಣಗೋ ಅಂಟು ಬೇಕು.

ಎಂಸಿಸಿ_ಬಿ_ಬ್ಲಾಕ್
ಸ್ಪೈಡರ್ ಗಟ್ಟಿ ಇದ್ದರೆ ಆಗುತ್ತೆ. ಹಳೇದು ಜೋತಿದ್ದರೆ ಹಾಳೆ ಪಟ್ಟಿಯೇ ವಾಸಿ.

ಚಳ್ಳಕೆರೆ_ಕಂಬಳಿ
ಅಂಟು ಯಾವುದು? ಎಲ್ರೂ ಫೆವಿಕ್ವಿಕ್ ಅಂತಾರೆ.

ಮಂಡಿಪೇಟೆ_ಮಂಜ
ಫೆವಿಕ್ವಿಕ್ ಬೇಡ್ರಿ, ಒಣಗಿ ಕಲ್ಲಾಗ್ತೈತಿ, ಫೋಮ್ ಅದರ ಪಕ್ಕಾನೇ ಹರೀತೈತಿ. ಸರಿಸೋಕೂ ಬಿಡಂಗಿಲ್ಲ. ಪೇಪರ್ ಕೋನಿಗೆ ಬಡಗಿಗಳು ಬಳಸೋ ಬಿಳೀ ಫೆವಿಕಾಲ್ ಸಾಕು, ಹತ್ತು ನಿಮಿಷ ಸರಿಸಬಹುದು. ಪಾಲಿಪ್ರೊಪಿಲೀನ್ ಕೋನ್ ಆದ್ರೆ ಬಿಳೀದು ಹಿಡಿಯಂಗಿಲ್ಲ, ಆ ಪ್ಲಾಸ್ಟಿಕ್‌ಗೇ ಅಂತ ಬರೋ ಅಂಟು ಬೇಕು. ಚಪ್ಪಲಿ ಅಂಟು ಬಿಗಿ, ಆದ್ರೆ ತಾಗಿದ ಕೂಡ್ಲೇ ಹಿಡೀತೈತಿ, ಕೋನ್ ನಡುವಿಗೆ ತರೋಕೆ ಸಮಯ ಕೊಡಂಗಿಲ್ಲ.

ಓಮಣ್ಣ
ಇನ್ನೊಂದು ಪುಕ್ಕಟೆ ಉಪಾಯ. ಸ್ಪೈಡರ್ ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತು ಜೋತಿರುತ್ತೆ. ವಾಪಸ್ ಕೂರಿಸುವಾಗ ವೂಫರನ್ನು ಅರ್ಧ ಸುತ್ತು ತಿರುಗಿಸಿ ಸ್ಕ್ರೂ ಹಾಕಿ.

ಮಿರ್ಚಿ_ಮಂಡಕ್ಕಿ, ದಾವಣಗೆರೆ
ಟ್ವೀಟರ್ ಒಂದೇ ತರಲಾ, ಎರಡೂನಾ? ಆನ್‌ಲೈನ್‌ನಾಗ ರೇಷ್ಮೆ ಡೋಮ್ 8 ಓಮ್ 100 ವ್ಯಾಟ್ ಅಂತ ಜೋಡಿ ಸಿಗ್ತಾವು. ಪೀಜೋ ಯಾಕ ಬೇಡ?

ಕೋಟೆನಾಡು_ಕಿವಿ, ಚಿತ್ರದುರ್ಗ
ಪೀಜೋ ಅಂದರೆ ಆಂಪ್ ಕಣ್ಣಿಗೆ ಕೆಪಾಸಿಟರ್. 8 ಓಮ್ ಕಾಯಿಲ್‌ಗೆ ಲೆಕ್ಕ ಹಾಕಿದ ಕ್ರಾಸೋವರ್ ಅದರ ಜೊತೆ ಕೆಲಸ ಮಾಡಲ್ಲ. ಸದ್ದೂ ಕಿವಿಗೆ ಚುಚ್ಚುತ್ತೆ.

ಮೊದಲು ಅದೇ ಟ್ವೀಟರ್‌ನ ಡಯಾಫ್ರಾಮ್ (ಕಾಯಿಲ್ ಅಂಟಿರೋ ಡೋಮ್) ಸಿಗುತ್ತಾ ಹುಡುಕಿ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಮ್ಮೆ ಕೇಳಿ. ಸಿಕ್ಕರೆ ಸ್ಕ್ರೂ ಬಿಚ್ಚಿ, ಸಂದಿಯಲ್ಲಿರೋ ಕಬ್ಬಿಣದ ಪುಡಿ, ಸುಟ್ಟ ಚೂರುಗಳನ್ನು ಮಾಸ್ಕಿಂಗ್ ಟೇಪ್ ಮಡಿಸಿ ಅಂಟಿನ ಬದಿಯಿಂದ ಎತ್ತಿ. ಒಳಗೆ ಕಪ್ಪು ಎಣ್ಣೆಯಂಥ ಫೆರೋಫ್ಲೂಯಿಡ್ ಇದ್ದರೆ ಹಳೇದು ಗೋಂದಿನ ಹಾಗೆ ಗಟ್ಟಿಯಾಗಿರುತ್ತೆ. ಪೂರ್ತಿ ಒರೆಸಿ ಹೊಸದು ಹಾಕಿ, ಅಳತೆ ಮೀರಿದರೆ ಉಕ್ಕಿ ಡೋಮ್‌ಗೆ ಮೆತ್ತುತ್ತೆ.

ಓಮಣ್ಣ
ಬೇರೆ ಟ್ವೀಟರ್ ಆದರೆ ಜೋಡಿಯೇ ತನ್ನಿ, ಎಡ ಬಲ ಬೇರೆ ಸದ್ದು ಬಂದರೆ ಹಾಡುಗಾರ ಒಂದು ಕಡೆ ವಾಲ್ತಾನೆ. ಆ 100 ವ್ಯಾಟ್ ಲೇಬಲ್ ನಂಬಬೇಡಿ. ನೋಡಬೇಕಾದ್ದು ಬೇರೆ: ಡಿಸಿ ಓಮ್ ಹಳೇದರ ಹತ್ತಿರ ಇರಬೇಕು. ಸಹಜ ಕಂಪನ ಕ್ರಾಸೋವರ್‌ನ ಅರ್ಧಕ್ಕಿಂತ ಕೆಳಗಿರಬೇಕು, 3,000ಕ್ಕೆ ಕತ್ತರಿಸಿದ್ದರೆ 1,500ರ ಒಳಗೆ. ಹಲಗೆ ತೂತಿನ ಅಳತೆ ಹೊಂದಬೇಕು. ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟ್‌ಗೆ ಎಷ್ಟು ಜೋರು ಅನ್ನೋದು, ಹೊಂದಬೇಕು.

ಹೊಸದು 3 ಡೆಸಿಬಲ್ ಜೋರಾಗಿದ್ದರೆ ಎಲ್-ಪ್ಯಾಡ್ (ಸದ್ದು ಇಳಿಸೋ ಎರಡು ರೆಸಿಸ್ಟರ್) ಹಾಕಿ. 8 ಓಮ್‌ಗೆ ಲೆಕ್ಕ: ಸಾಲಿನಲ್ಲಿ 2.34, ಟ್ವೀಟರ್‌ಗೆ ಅಡ್ಡಲಾಗಿ 19.4 ಓಮ್. ಅಂಗಡಿಯಲ್ಲಿ ಸಿಗೋದು 2.2 ಮತ್ತು 20, ನಡೆಯುತ್ತೆ. ಈಗಿರೋ 2.7ರ ಜೊತೆ ಸೇರಿಸಿ ಲೆಕ್ಕ ಮಾಡೋದು ಮರೀಬೇಡಿ.

ಟ್ವೀಟರ್ ವೈರ್ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಆಕ್ಟೇವ್‌ಗೆ 12 ಡೆಸಿಬಲ್ ಇಳಿಸೋ ಕ್ರಾಸೋವರ್‌ಗಳಲ್ಲಿ ಎಷ್ಟೋ ಕಡೆ ಟ್ವೀಟರ್ ಪ್ಲಸ್ ಮೈನಸ್ ಬೇಕಂತಲೇ ಉಲ್ಟಾ ಕೊಟ್ಟಿರ್ತಾರೆ. ತಪ್ಪು ಅಂತ ತಿದ್ದಿದರೆ ಕ್ರಾಸೋವರ್ ಜಾಗದಲ್ಲಿ ಸದ್ದಿಗೆ ಹಳ್ಳ ಬೀಳುತ್ತೆ.

ಚಳ್ಳಕೆರೆ_ಕಂಬಳಿ
ಕೆಪಾಸಿಟರ್ ಬದಲಿಸೋದು ಬೇಡವಾ? ಹಳೇ ಬೈಪೋಲಾರ್ (ಪ್ಲಸ್ ಮೈನಸ್ ಇಲ್ಲದ) ಎಲೆಕ್ಟ್ರೋಲಿಟಿಕ್ ಒಣಗಿರುತ್ತೆ.

ಸಾಲ್ಡರ್_ಸಿದ್ದ
ಬದಲಿಸಲೇಬೇಕು. ಇದಕ್ಕೆ ಬೆಂಗಳೂರಿಗೆ ಹೋಗೋದೂ ಬೇಡ. ಸೀಲಿಂಗ್ ಫ್ಯಾನ್ ಕೆಪಾಸಿಟರ್ ಮೆಟಲೈಸ್ಡ್ ಪಾಲಿಪ್ರೊಪಿಲೀನೇ, 440 ವೋಲ್ಟ್ ಎಸಿ. ಬೋರ್ಡ್‌ನಾಗೆ 4.7 ಇದ್ರೆ, 2.5 ಮತ್ತು 2.25 ಪಕ್ಕಪಕ್ಕ (ಪ್ಯಾರಲಲ್) ಜೋಡಿಸಿದ್ರೆ 4.75 ಮೈಕ್ರೋಫ್ಯಾರಡ್. ಮೂಲೆ ಎಲೆಕ್ಟ್ರಿಕ್ ಅಂಗಡ್ಯಾಗೆ ಸಿಗ್ತೈತಿ.

ಕೋಟೆನಾಡು_ಕಿವಿ, ಚಿತ್ರದುರ್ಗ
ಫ್ಯಾನ್ ಕೆಪಾಸಿಟರ್‌ನಲ್ಲಿ ಹಾಡು ಕೇಳೋದಾ? ಆಡಿಯೋ ದರ್ಜೆಯದ್ದು ಬೇರೆ ಇದೆ.

ಸಾಲ್ಡರ್_ಸಿದ್ದ
ಕಣ್ಣು ಕಟ್ಟಿ ಎರಡನ್ನೂ ಕೇಳಿಸಿದ್ರೆ ನೀವೂ ಹೇಳಂಗಿಲ್ಲ. ಗಾತ್ರ ದೊಡ್ಡದು, ಬೋರ್ಡ್ ಮೇಲೆ ಕೂರಂಗಿಲ್ಲ, ಟೈ ಹಾಕಿ ಕಟ್ಟಬೇಕು. ತೊಂದ್ರೆ ಅಷ್ಟೇ.

ಹಿರಿಯೂರು_ಬೋರ್‌ವೆಲ್
ವೂಫರ್ ಕಡೆಗೆ ಹೆಚ್ಚು ಮೈಕ್ರೋಫ್ಯಾರಡ್ ಬೇಕಿದ್ದರೆ ಬೋರ್‌ವೆಲ್ ಪ್ಯಾನಲ್‌ನ ರನ್ನಿಂಗ್ ಕೆಪಾಸಿಟರ್, 36, 50, ಹೀಗೆ. ಅದೂ ಪಾಲಿಪ್ರೊಪಿಲೀನ್. ಸ್ಟಾರ್ಟಿಂಗ್‌ದು ಬೇಡ, ಅದು ಎಲೆಕ್ಟ್ರೋಲಿಟಿಕ್, ಕೆಲವು ಸೆಕೆಂಡಿನ ಕೆಲಸಕ್ಕೆ ಮಾಡಿದ್ದು. ಹಳೇದನ್ನು ತೆಗೆಯೋದಾದರೆ ಮೊದಲು ರೆಸಿಸ್ಟರ್ ಅಡ್ಡ ಹಿಡಿದು ಚಾರ್ಜ್ ಇಳಿಸಿ, ಇಲ್ಲಾಂದ್ರೆ ಒದೆಯುತ್ತೆ.

ಓಮಣ್ಣ
ಒಂದು ಎಚ್ಚರ. ಹಳೇ ಎಲೆಕ್ಟ್ರೋಲಿಟಿಕ್‌ಗೆ ತನ್ನದೇ ಒಳತಡೆ ಇತ್ತು. ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿದ ಮೇಲೆ ಟ್ವೀಟರ್ ಸ್ವಲ್ಪ ಚುರುಕಾಗುತ್ತೆ. ಅತಿ ಅನ್ನಿಸಿದರೆ ಸಾಲಿನಲ್ಲಿ ಅರ್ಧದಿಂದ ಒಂದು ಓಮ್ ಹಾಕಿ. ಪ್ಲಸ್ ಮೈನಸ್ ಇರೋ ಮಾಮೂಲಿ ಎಲೆಕ್ಟ್ರೋಲಿಟಿಕ್ ಮಾತ್ರ ಹಾಕಬೇಡಿ.

ಹೊಳಲ್ಕೆರೆ_ಹಾರ್ನ್
ಇಷ್ಟೆಲ್ಲ ಯಾಕೆ, 1200 ವ್ಯಾಟ್ ಪಿಎಂಪಿಒ (ಕ್ಷಣದ ಗರಿಷ್ಠ ಲೆಕ್ಕ) ಹೋಮ್ ಥಿಯೇಟರ್ ತಂದರೆ ಆಯ್ತು.

ಚಳ್ಳಕೆರೆ_ಕಂಬಳಿ
ಅದರ ಮುಚ್ಚಳ ಬಿಚ್ಚಿ ಟ್ರಾನ್ಸ್‌ಫಾರ್ಮರ್ ನೋಡಿ. 12-0-12, 3 ಆಂಪಿಯರ್ ಇದ್ದರೆ 72 ವ್ಯಾಟ್ ಒಳಗೆ ಹೋಗೋದು. 1200 ಹೊರಗೆ ಬರೋಕೆ ಅದೇನು ವಾಣಿವಿಲಾಸ ಸಾಗರವಾ, ತುಂಬಿಸಿಟ್ಟುಕೊಳ್ಳೋಕೆ?

ಮಿರ್ಚಿ_ಮಂಡಕ್ಕಿ, ದಾವಣಗೆರೆ
ಫೋಮ್ ಜೋಡಿ, ಟ್ವೀಟರ್ ಜೋಡಿಗೆ ಆರ್ಡರ್ ಹಾಕಿದೆ. ಫ್ಯಾನ್ ಕೆಪಾಸಿಟರ್ ತಂದೆ. ಮತ್ತೆ ಸುಡದಂಗ ಫ್ಯೂಸ್ ಹಾಕಬಹುದಾ?

ಸಾಲ್ಡರ್_ಸಿದ್ದ
ಟ್ವೀಟರ್ ಸಾಲಿಗೆ 1 ಆಂಪಿಯರ್ ಫಾಸ್ಟ್ ಫ್ಯೂಸ್. ಆಂಪ್ ಔಟ್‌ಪುಟ್‌ಗೆ ಯುಪಿಸಿ 1237 ಐಸಿ ಇರೋ ಪ್ರೊಟೆಕ್ಷನ್ ರಿಲೇ ಬೋರ್ಡ್, ಡಿಸಿ ಕಂಡ ಕೂಡ್ಲೇ ಸ್ಪೀಕರ್ ಕಡಿದು ಹಾಕ್ತೈತಿ. ಆನ್ ಮಾಡಿದಾಗಿನ ದಬ್ ಸದ್ದೂ ಹೋಗ್ತೈತಿ.

ಓಮಣ್ಣ
1 ಆಂಪಿಯರ್ ಅಂದರೆ 6 ಓಮ್ ಕಾಯಿಲ್‌ಗೆ 6 ವ್ಯಾಟ್ ನಿರಂತರ. ಫ್ಯೂಸ್ ಹಾರೋದು ಅದಕ್ಕೂ ಮೇಲೆ, ನಿಧಾನಕ್ಕೆ. ಅರ್ಧ ರಕ್ಷಣೆ ಅಂದುಕೊಳ್ಳಿ. ಅದಕ್ಕೂ ಮುಂಚೆ ಟ್ರೆಬಲ್ ಗುಂಡಿ ನಡುವಿಗೆ ತನ್ನಿ, ಲೌಡ್‌ನೆಸ್ ತೆಗೆಯಿರಿ.

ಎಂಸಿಸಿ_ಬಿ_ಬ್ಲಾಕ್
ಫೋಮ್ ಒಣಗಿದ ಮೇಲೆ ನೇರ ಹಾಡು ಹಚ್ಚಬೇಡಿ. 1.5 ವೋಲ್ಟ್ ಸೆಲ್ ಪ್ಲಸ್ ಅನ್ನು ವೂಫರ್ ಪ್ಲಸ್‌ಗೆ ಒಂದು ಕ್ಷಣ ತಾಗಿಸಿ, ಎರಡೂ ಕೋನ್ ಮುಂದಕ್ಕೆ ಬರಬೇಕು. ಆಮೇಲೆ 20ರಿಂದ 200 ಹರ್ಟ್ಜ್‌ವರೆಗೆ ಟೋನ್ ಸಣ್ಣಗೆ ಓಡಿಸಿ ಕರಕರ ಇದೆಯಾ ಕೇಳಿ. ಬಾಕ್ಸಿಗೆ ಕೂರಿಸುವಾಗ ಚೌಕಟ್ಟಿನ ಕೆಳಗೆ ತೆಳು ಫೋಮ್ ಪಟ್ಟಿ ಹಾಕಿ, ಸಂದಿಯಿಂದ ಗಾಳಿ ಬಿಟ್ಟರೆ ಬುಸ್ ಸದ್ದು ಬರುತ್ತೆ, ಜನ ಅದನ್ನೇ ಕಾಯಿಲ್ ಹೋಯ್ತು ಅಂದುಕೊಳ್ತಾರೆ. ಸ್ಕ್ರೂಗಳನ್ನು ಎದುರುಬದುರು ಸ್ವಲ್ಪಸ್ವಲ್ಪ ಬಿಗಿ ಮಾಡಿ.

ಮಂಡಿಪೇಟೆ_ಮಂಜ
ಸ್ಕ್ರೂಡ್ರೈವರ್ ಜೋಪಾನ ರೀ. ಮ್ಯಾಗ್ನೆಟ್ ಎಳೆದು ಸೀದಾ ಹೊಸ ಫೋಮ್‌ಗೇ ಚುಚ್ಚಿಸ್ತೈತಿ. ಕೋನ್ ಮೇಲೆ ರಟ್ಟು ಇಟ್ಟುಕೊಂಡು ಬಿಗಿ ಮಾಡ್ರಿ.